ಬಿಳಿ ದಾರದ ಕೋಟು

ನಮ್ಮ ಊರಿನಲ್ಲಿ ವಕೀಲರ ಕರಿಕೋಟನ್ನು ಎರಡು ಸಲ ಹೊಲಿಯುತ್ತಾರೆ. ಮೊದಲ ಸಲ ಬಿಳಿ ದಾರದಲ್ಲಿ, ಕೈಯಿಂದ, ಉದ್ದುದ್ದನೆಯ ಕಚ್ಚಾ ಹೊಲಿಗೆ; ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿ ಬರಬೇಕು. ಎರಡನೆಯ ಸಲ ಕರಿ ದಾರದಲ್ಲಿ, ಮಷಿನ್ನಿನ ಮೇಲೆ. ಎಳೆದರೆ ಬಟ್ಟೆ ಹರಿದೀತು, ಹೊಲಿಗೆ ಬಿಚ್ಚಬಾರದು. ಒಂದನೆಯ ಹೊಲಿಗೆಗೂ ಎರಡನೆಯ ಹೊಲಿಗೆಗೂ ನಡುವೆ ಇರುವುದು ವಕೀಲರ ಮನೆಯ ಉತ್ತರ. ನಾನು ಕೋಟಿನ ಅಂಗಡಿಯವನು. ಎರಡೂ ಹೊಲಿಗೆಗಳನ್ನು ನಾನೇ ಹಾಕುತ್ತೇನೆ. ಮೊದಲನೆಯದನ್ನು ಎಷ್ಟು ಜನಕ್ಕೆ ಹಾಕಿದ್ದೇನೋ ನೆನಪಿಲ್ಲ. ಎರಡನೆಯದು ವರ್ಷಕ್ಕೆ ಒಂದೇ.

ವಕೀಲರ ಮನೆ ಇರುವುದು ಮೂವತ್ತೆರಡು ಮೆಟ್ಟಿಲುಗಳ ಮೇಲೆ. ನಾನು ಹೇಳುವ ಕಾಲದಲ್ಲಿ ಒಳಗೆ ಮೂವರು ಹಿರಿಯರು. ವಕೀಲಿ ಮಾಡಬೇಕೆನ್ನುವವರು ಯಾರೇ ಆಗಲಿ, ಒಂದು ವರ್ಷ ಅವರ ಕೈಕೆಳಗೆ ಜೂನಿಯರ್ ಆಗಿ ದುಡಿಯಬೇಕು. ಬೇರೆ ದಾರಿ ಇಲ್ಲ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಅಲ್ಲಿನ ಕಿಟಕಿ ತೆರೆಯುತ್ತದೆ. ಉಮೇದುವಾರರು ಬಿಳಿ ದಾರದ ಕೋಟು ತೊಟ್ಟು ಮೆಟ್ಟಿಲು ಹತ್ತುತ್ತಾರೆ. ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯೊಳಗೆ ಬಿಡುತ್ತಾರೆ. ಮನೆಗೆ ಬೆನ್ನು ತೋರಿಸದೆ ಹಿಂದುಹಿಂದಕ್ಕೆ ಏಳು ಮೆಟ್ಟಿಲು ಇಳಿದು ಅಲ್ಲೇ ಕೂರುತ್ತಾರೆ. ಹಿರಿಯರು ಒಬ್ಬೊಬ್ಬರನ್ನೇ ಒಳಗೆ ಕರೆದು ಒಂದೇ ಪ್ರಶ್ನೆ ಕೇಳುತ್ತಾರೆ: ಒಳಗೆ ಬಂದರೆ ಮೊದಲು ಏನು ಮಾಡುತ್ತೀ? ಆಮೇಲೆ ಒಬ್ಬರ ಹೆಸರಿಗೆ ಗಂಟೆ ಬಾರಿಸುತ್ತದೆ. ಉಳಿದವರಿಗೆ ಏನೂ ಇಲ್ಲ. ಆ ಮನೆ ಹೂಂ ಎನ್ನುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಇಲ್ಲ ಎಂದು ಯಾರಿಗಾದರೂ ಹೇಳಿದ್ದನ್ನು ನಮ್ಮ ಅಜ್ಜಂದಿರೂ ಕೇಳಿರಲಿಲ್ಲ.

ಹೀಗೆ ಅರ್ಜಿ ಬಾಕಿ ಉಳಿದವರನ್ನು ಊರಿನಲ್ಲಿ ಬಾಕಿಯವರು ಅನ್ನುತ್ತೇವೆ. ಬಾಕಿಯವರಿಗೆ ಸಾವು ಬರುವುದಿಲ್ಲ.

ಇದನ್ನು ಯಾರೂ ಕಟ್ಟೆಯ ಮೇಲೆ ಕೂತು ಹೇಳಿದ್ದಲ್ಲ. ಒಬ್ಬ ಬಾಕಿಯವನು ಹಂಚು ಹೊದಿಸುವ ಕೆಲಸ ಮಾಡುತ್ತಿದ್ದ. ಹಟ್ಟಿಯ ಮಾಡಿನ ತುದಿಯಿಂದ ಕಲ್ಲುಚಪ್ಪಡಿಯ ಮೇಲೆ ಬಿದ್ದ. ಜನ ಓಡಿ ಬರುವುದರೊಳಗೆ ಎದ್ದು ಕೂತು ಮೈಮೇಲಿನ ಧೂಳು ಕೊಡವಿಕೊಂಡು, ಗಂಟೆ ಬಾರಿಸಿತಾ ಎಂದು ಕೇಳಿದ. ಅವತ್ತಿನಿಂದ ಎಲ್ಲರಿಗೂ ಗೊತ್ತು. ಬಾಯಿ ಬಿಟ್ಟು ಮಾತ್ರ ಯಾರೂ ಹೇಳುವುದಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಬಾಕಿಯವರ ಕೈಯಲ್ಲಿ ಯಾವ ಕೆಲಸವೂ ಮುಗಿಯುವುದಿಲ್ಲ. ಅವರು ಇಟ್ಟ ಅನ್ನ ಅರ್ಧ ಬೇಯುತ್ತದೆ. ಅವರು ಹಿಡಿದ ಬುಟ್ಟಿ ಅರ್ಧ ಹೆಣೆದಲ್ಲಿಗೆ ನಿಲ್ಲುತ್ತದೆ. ಬೆಳಿಗ್ಗೆ ನೋಡಿದರೆ ನಿನ್ನೆ ಹೆಣೆದ ಸುತ್ತು ಬಿಚ್ಚಿಕೊಂಡಿರುತ್ತದೆ. ಅವರ ಸೀನು ಮೂಗಿನವರೆಗೆ ಬಂದು ವಾಪಸು ಹೋಗುತ್ತದೆ. ವಕೀಲರ ಮನೆಯ ಮೆಟ್ಟಿಲ ಮೇಲೆ ಅಂಥವರು ಸಾಲಾಗಿ ಕೂತಿರುತ್ತಿದ್ದರು. ಕೆಲವರ ಕೋಟಿನ ಕಪ್ಪು ಬಿಸಿಲಿಗೆ ಬೂದಿಯಾಗಿತ್ತು. ಬಿಳಿ ದಾರ ಮಾತ್ರ ಹಾಗೇ ಬೆಳ್ಳಗೆ ಇತ್ತು. ನನ್ನ ದಾರ ಗಟ್ಟಿ.

ನಾನು ವ್ಯಾಪಾರಸ್ಥ. ಒಂದು ವಸ್ತುವಿನಿಂದ ಏನೇನು ಉಪಯೋಗವಿದೆ ಎಂದು ನೋಡುವುದು ನನ್ನ ಕಸುಬು. ನನ್ನ ಹೆಂಡತಿ ರಕ್ತ ಕೆಮ್ಮತೊಡಗಿದಾಗ, ಔಷಧದವನು ಬಂದು ನಾಡಿ ಹಿಡಿದು, ಇನ್ನು ನಾಲ್ಕು ದಿನ ಎಂದು ಕೈಚೆಲ್ಲಿದ. ಕಿಟಕಿ ತೆರೆಯಲು ಎರಡೇ ದಿನ ಉಳಿದಿತ್ತು. ನಾನು ಅಂಗಡಿಗೆ ಹೋಗಿ ಅವಳ ಅಳತೆಯ ಕೋಟು ಕತ್ತರಿಸಿದೆ. ಬಿಳಿ ದಾರದ ಹೊಲಿಗೆ ಹಾಕಿದೆ. ಅವಳ ಹೆಸರಿನಲ್ಲಿ ಅರ್ಜಿ ಬರೆದೆ. ಕಾನೂನಿನಲ್ಲಿ ಅಪಾರ ಆಸಕ್ತಿಯುಳ್ಳವಳಾಗಿದ್ದು, ತಮ್ಮ ಸನ್ನಿಧಿಯಲ್ಲಿ ಕಲಿಯುವ ಅವಕಾಶ ದೊರೆತಲ್ಲಿ ಧನ್ಯಳು, ಎಂದೆಲ್ಲ. ಅವಳಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿಸಿದೆ. ಅರ್ಜಿದಾರರು ತಾವೇ ಕಿಟಕಿಗೆ ಬರಬೇಕೆಂಬ ಕಟ್ಟಳೆ ಇತ್ತು. ಬೆನ್ನ ಮೇಲೆ ಹೊತ್ತು ಮೂವತ್ತೆರಡು ಮೆಟ್ಟಿಲು ಹತ್ತಿಸಿದೆ. ಏಳು ಮೆಟ್ಟಿಲು ಹಿಂದಕ್ಕೆ ಇಳಿಯುವಾಗ ಅವಳು ನನ್ನ ಕಿವಿಯ ಹತ್ತಿರ, ಇದ್ಯಾವ ಔಷಧರೀ, ಅಂದಳು.

ಹಾಗೆ ಅವಳ ಅರ್ಜಿ ಹತ್ತೊಂಬತ್ತು ವರ್ಷ ಬಾಕಿ ಉಳಿಯಿತು. ನನ್ನನ್ನು ನೋಡಿ ಊರಿನವರೂ ಸಾಯಲು ಬಿದ್ದ ತಮ್ಮ ತಮ್ಮ ಮನೆಯವರನ್ನು ಹೊತ್ತುಕೊಂಡು ಬಂದರು. ಮುದುಕರಿಗೆ ಕೋಟು ಹೊಲಿದೆ. ತೊಟ್ಟಿಲ ಕೂಸಿಗೂ ಒಂದು ಹೊಲಿದೆ, ಅಂಗೈಯಗಲದ ಕೋಟು.

ನನ್ನ ಹೆಂಡತಿಯ ಕೋಟು ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಅವಳು ಸಾಯಲಿಲ್ಲ, ಗುಣವಾಗಲೂ ಇಲ್ಲ, ಹಾಗೇ ಓಡಾಡಿಕೊಂಡಿದ್ದಳು. ಕೆಮ್ಮು ಎದೆಯಿಂದ ಹೊರಟು ಗಂಟಲಲ್ಲಿ ನಿಲ್ಲುತ್ತಿತ್ತು. ಒಂದು ಕೌದಿ ಹಿಡಿದಿದ್ದಳು, ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿಯುವುದು. ಮೂರು ಅಂಚು ಆಗಿತ್ತು, ನಾಲ್ಕನೆಯದು ಆಗುತ್ತಿರಲಿಲ್ಲ. ಮಧ್ಯಾಹ್ನ ನಾನು ಊಟಕ್ಕೆ ಹೋದರೆ ಅರ್ಧ ಬೆಂದ ಅನ್ನ ಬಡಿಸಿ, ಎದುರಿಗೆ ಕೂತು ಕೇಳುತ್ತಿದ್ದಳು.

"ಹದ ಹೆಂಗೈತ್ರಿ?"

"ಹದವಾಗೈತಿ."

ಕಾಳು ಹಲ್ಲಿಗೆ ಸಿಕ್ಕಿ ಕಟುಮ್ ಎನ್ನುತ್ತಿತ್ತು. ನಾನು ನುಂಗುತ್ತಿದ್ದೆ. ಆಮೇಲೆ ಅವಳು ಎರಡನೆಯ ಮಾತು ಕೇಳುತ್ತಿದ್ದಳು.

"ನನ್ನ ಅರ್ಜಿದು ಏನಾತ್ರಿ?"

"ಪರಿಶೀಲನಾದಾಗ ಐತಂತ."

ಹತ್ತೊಂಬತ್ತು ವರ್ಷ, ಎರಡು ಪ್ರಶ್ನೆ, ಎರಡು ಉತ್ತರ.

ಹೀಗಿರುವಾಗ, ಹನ್ನೆರಡನೆಯ ವರ್ಷ, ಬಾವಿ ತೋಡುವವನ ಮಗಳು ಅಂಗಡಿಗೆ ಬಂದಳು. ಊರ ಹೊರಗಿನವಳು, ಕೆಂಪು ಮಣ್ಣಿನ ಹಿಮ್ಮಡಿಯವಳು. ಕಾನೂನಿನ ಪುಸ್ತಕಗಳನ್ನು ಹೇಗೋ ಸಂಪಾದಿಸಿ, ಅಪ್ಪ ತೋಡುವ ಗುಂಡಿಯ ದಂಡೆಯಲ್ಲಿ ಕೂತು ಓದಿ ಮುಗಿಸಿದ್ದಳಂತೆ. ಅವರ ಹಟ್ಟಿಯ ನೀರಿನ ಮೇಲೆ ಯಾರೋ ದಾವೆ ಹಾಕಿದ್ದರು. ಅವರ ಕಡೆ ನಿಂತು ಮಾತಾಡುವವರು ಇರಲಿಲ್ಲ. ಅದಕ್ಕೆ ಅವಳು ವಕೀಲಿ ಕಲಿಯಬೇಕು. ಕೋಟು ತೊಟ್ಟು ಕನ್ನಡಿಯಲ್ಲಿ ನೋಡಿಕೊಂಡು ಬಿಳಿ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಈಗಲೇ ಮಷಿನ್ ಹಾಕಿ ಕೊಡ್ರಿ ಸಾವ್ಕಾರ್ರ."

"ಉತ್ತರ ಬಂದ ಮ್ಯಾಲೆ, ತಂಗಿ."

"ಇಲ್ಲ ಅಂತ ಬಂದ್ರ?"

"ಅಂದ್ರ ಹೊಲಿಗಿ ಬಿಚ್ಚಿ ಬಟ್ಟಿ ವಾಪಸ್ ಥಾನಿಗೆ ಸೇರಸ್ತೀನಿ. ಅದು ಪದ್ಧತಿ. ಆದ್ರ ಅಂಥಾದ್ದು ಒಂದೂ ವಾಪಸ್ ಬಂದಿಲ್ಲ."

ಅವಳು ಅದನ್ನು ಒಳ್ಳೆಯ ಸುದ್ದಿ ಎಂದು ತಿಳಿದು ನಕ್ಕಳು. ನಾನು ತಿದ್ದಲಿಲ್ಲ. ಕೊಳ್ಳಲು ಬಂದವರಿಗೆ ಕೇಳಿದ್ದಷ್ಟು ಹೇಳಬೇಕು. ಅವಳು ಹೊರಗಿನವಳು, ಬಾಕಿಯವರ ವಿಷಯ ಅವಳಿಗೆ ಗೊತ್ತಿರಲಿಲ್ಲ.

ಅವಳ ಹೆಸರಿಗೆ ಗಂಟೆ ಬಾರಿಸಲಿಲ್ಲ. ಏಳು ವರ್ಷ ಮೆಟ್ಟಿಲ ಮೇಲೆ ಕೂತಳು. ವರ್ಷಕ್ಕೊಮ್ಮೆ ಹಿರಿಯರು ಕರೆದು ಅದೇ ಪ್ರಶ್ನೆ ಕೇಳುತ್ತಿದ್ದರು, ಅವಳು ಬಡವರ ದಾವೆ ನಡೆಸುತ್ತೇನೆ ಎನ್ನುತ್ತಿದ್ದಳು, ವಾಪಸು ಬಂದು ಕೂರುತ್ತಿದ್ದಳು. ಜಡೆ ಹೆಣೆಯಲು ಹಿಡಿದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಬೆನ್ನ ಮೇಲೆ ಅರ್ಧ ಜಡೆ, ಕೆಳಗೆ ಕೆದರಿದ ಕೂದಲು. ಮೆಟ್ಟಿಲಿನವರೆಲ್ಲ ಅವಳಿಗೆ ಗುರುತಾಗಿದ್ದರು. ಯಾರು ಯಾವ ವರ್ಷ ಅರ್ಜಿ ಹಾಕಿದರು, ಏನು ಬರೆದಿದ್ದರು, ಎಲ್ಲ ಬಾಯಿಪಾಠ. ಅಂಗಡಿಗೆ ಬಂದಾಗ ಒಮ್ಮೆ ಹೇಳಿದಳು: ಅವರ ಅಪ್ಪನ ಕಸುಬಿನಲ್ಲಿ ನೀರು ಬರುತ್ತದೆ, ಇಲ್ಲವೇ ಬಂಡೆ ಬರುತ್ತದೆ, ಬಂಡೆ ಬಂದರೆ ಗುದ್ದಲಿ ಹೆಗಲಿಗೇರಿಸಿ ಬೇರೆ ಕಡೆ ಹೋಗುತ್ತಾರೆ, ಏನೂ ಬಾರದ ಗುಂಡಿಯನ್ನು ಅವಳು ನೋಡಿದ್ದು ಈ ಊರಿನಲ್ಲೇ.

ಏಳನೆಯ ವರ್ಷ ಕಿಟಕಿ ತೆರೆಯುವ ಮುಂಚಿನ ದಿನ ತೋಳಿನ ಹೊಲಿಗೆ ಸಡಿಲಾಗಿದೆ ಎಂದು ಬಂದಳು. ನಾನು ದಾರ ಹಾಕುತ್ತ, ಈ ಸಲ ಏನು ಹೇಳುತ್ತೀ ಎಂದು ಕೇಳಿದೆ. ಹೋದ ಸಲ ಹೇಳಿದ್ದನ್ನೇ ಅಂದಳು. ನನಗೆ ತಡೆಯಲಾಗಲಿಲ್ಲ. ಒಳ್ಳೆಯ ಸರಕನ್ನು ಕೆಟ್ಟದಾಗಿ ಮಾರುವವರನ್ನು ಕಂಡರೆ ನನಗೆ ಆಗುವುದಿಲ್ಲ.

"ಎಲ್ಲಾರೂ ದಾವೆ ಗೆಲ್ತೀನಿ, ಸೇವಾ ಮಾಡ್ತೀನಿ ಅಂತಾರ. ಕೇಳಿ ಕೇಳಿ ಅವರ ಕಿವಿ ಜಡ್ಡುಗಟ್ಟ್ಯಾವ. ಯಾರೂ ಅನ್ನದ ಮಾತು ಅನ್ನು."

"ಏನಂತ?"

"ಬಾಕಿ ಇದ್ದ ಅರ್ಜಿಗೆಲ್ಲಾ ಉತ್ತರಾ ಬರೀತೀನಿ ಅನ್ನು."

ಅವಳು ನನ್ನನ್ನೇ ನೋಡಿದಳು. "ಖರೇನ ಬರೀಬೇಕಾ?"

"ಅದು ಆಮ್ಯಾಲಿನ ಮಾತು. ಮೊದಲು ಒಳಗ ಹೋಗು."

ನನ್ನ ಕಸುಬಿನಲ್ಲಿ ಮಾರುವಾಗ ಆಡಿದ ಮಾತು ಗಲ್ಲೆಪೆಟ್ಟಿಗೆಯ ಮೇಲೇ ಉಳಿಯುತ್ತದೆ. ಗಿರಾಕಿಯೂ ಅದನ್ನು ಮನೆಗೆ ಒಯ್ಯುವುದಿಲ್ಲ. ಹಿಂದಿನ ಜೂನಿಯರ್‌ಗಳೆಲ್ಲ ಒಳಗೆ ಹೋಗುವ ಮುಂಚೆ ಏನೇನೋ ಅಂದಿದ್ದರು. ಒಳಗೆ ಹೋದ ಮೇಲೆ ಕಪಾಟಿನ ಬಾಗಿಲು ತೆಗೆದು, ಕೆಂಪು ದಾರದಲ್ಲಿ ಕಟ್ಟಿದ ಕಟ್ಟುಗಳನ್ನು ನೋಡಿ, ಬಾಗಿಲು ಹಾಕಿ, ವರ್ಷ ಮುಗಿಸಿ ಬೇರೆ ಊರಿಗೆ ಹೋಗಿ ಬೋರ್ಡು ತಗುಲಿಸಿದ್ದರು. ಇವಳೂ ಹಾಗೇ ಎಂದುಕೊಂಡೆ. ನನ್ನ ಹೆಂಡತಿಯ ಅರ್ಜಿಯೂ ಅದೇ ಕಪಾಟಿನಲ್ಲಿದೆ ಎಂಬುದು ಆ ಹೊತ್ತಿನಲ್ಲಿ ನನಗೆ ಹೊಳೆಯಲೇ ಇಲ್ಲ. ನಲವತ್ತು ವರ್ಷ ಗಜಕಡ್ಡಿ ಹಿಡಿದಿದ್ದೇನೆ. ಅಳತೆ ತಪ್ಪಿದ್ದು ಆ ಒಂದು ದಿನ.

ಮರುದಿನ ಗಂಟೆ ಬಾರಿಸಿತು.

ಅವಳು ಮೆಟ್ಟಿಲಿಳಿದು ನೇರ ಅಂಗಡಿಗೆ ಬಂದಳು. ನಾನು ಪದ್ಧತಿಯ ಪ್ರಕಾರ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಬಲತೋಳು, ಎಡತೋಳು, ಬೆನ್ನು, ಕಾಲರು ಎಂದು ಒಂದೊಂದೇ ದಾರ ಎಳೆದು ತೆಗೆದೆ. ಕೋಟು ತುಂಡುತುಂಡಾಗಿ ನನ್ನ ಕೈಗೆ ಬಂತು. ಮಷಿನ್ನಿಗೆ ಕರಿ ದಾರ ಪೋಣಿಸಿದೆ. ನಾನು ಹೊಲಿದು ಮುಗಿಸುವುದರೊಳಗೆ ಅವಳು ಸ್ಟೂಲಿನ ಮೇಲೆ ಕೂತು ಜಡೆಯನ್ನು ತುದಿಯವರೆಗೆ ಹೆಣೆದು ಗಂಟು ಹಾಕಿದ್ದಳು. ಗಂಟನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು.

ಮೂರನೆಯ ದಿನ ವಕೀಲರ ಮನೆಯ ಮುದಿ ಜವಾನ ಚೀಲ ತಗುಲಿಸಿಕೊಂಡು ಬೀದಿಗಿಳಿದ. ಆ ಚೀಲದಲ್ಲಿ ಲಕೋಟೆಗಳಿದ್ದವು. ಲಕೋಟೆಯೊಳಗೆ ಮೂರು ಸಾಲು: ತಮ್ಮ ಅರ್ಜಿಯನ್ನು ಪೂರ್ತಿ ಓದಲಾಯಿತು. ಸ್ಥಳವಿಲ್ಲ. ತಾವು ಇನ್ನು ಕಾಯಬೇಕಾಗಿಲ್ಲ.

ಮೇಲಿನ ಕಟ್ಟಿನಿಂದ ಶುರು ಮಾಡಿದ್ದಳು. ಅಂದರೆ ಆ ವರ್ಷದವರು, ಹಿಂದಿನ ವರ್ಷದವರು, ಇನ್ನೂ ಮೀಸೆ ಚಿಗುರುತ್ತಿದ್ದವರು. ಅವರು ಓದಿದರು, ಅತ್ತರು, ಸೀನಿದರು. ಸೀನು ಪೂರ್ತಿ ಬಂದದ್ದಕ್ಕೆ ನಕ್ಕರು. ಅಂಗಡಿಗೆ ಬಂದು ಕೋಟು ಬಿಚ್ಚಿಸಿಕೊಂಡು ಹೋದರು. ಒಬ್ಬ ಮದುವೆ ನಿಶ್ಚಯ ಮಾಡಿಕೊಂಡ, ಒಬ್ಬ ಎಮ್ಮೆ ಕೊಂಡ, ಬುಟ್ಟಿಯವನು ಬುಟ್ಟಿ ಮುಗಿಸಿ ತಲೆಯ ಮೇಲೆ ಬೋರಲು ಹಾಕಿಕೊಂಡು ಬೀದಿಯ ತುಂಬ ತಿರುಗಿದ. ಊರು ಅವಳನ್ನು ಹಾಡಿ ಹೊಗಳಿತು.

ಜವಾನ ದಿನವೂ ಬಂದ. ಕಟ್ಟುಗಳು ಹಳೆಯವಾಗುತ್ತ ಹೋದವು.

ಹಂಚಿನ ಕೆಲಸದವನು ಹಳಬ, ಆದರೆ ಈಚೆಗೆ ಹಳೆಯ ಅರ್ಜಿಯ ಬದಲು ಹೊಸದೊಂದು ಕೊಟ್ಟಿದ್ದ; ಅವನಿಗೆ ಲಕೋಟೆ ಬಂದದ್ದು ಬೆಳಗಿನ ಹೊತ್ತಿನಲ್ಲಿ. ನಿಂತೇ ಓದಿದ. ಇನ್ನೊಮ್ಮೆ ಓದಿದ. ಸ್ಥಳವಿಲ್ಲವಂತೆ, ಎಂದು ಪಕ್ಕದವನಿಗೆ ಹೇಳಿ ನಡೆದುಕೊಂಡು ಹೋಗಿ, ಹಿಂದೆ ತಾನು ಬಿದ್ದ ಅದೇ ಚಪ್ಪಡಿಯ ಮೇಲೆ ಮಲಗಿದ. ಆಗ ಮುರಿಯದೆ ಉಳಿದಿದ್ದ ಎಲುಬುಗಳು ಒಂದೊಂದಾಗಿ ಮುರಿದವು. ಆ ಸದ್ದನ್ನು ಬೀದಿಯವರೆಲ್ಲ ನಿಂತು ಕೇಳಿದರು. ಮಾರನೆಯ ದಿನ ಹಿಂದೊಮ್ಮೆ ಕೆರೆಗೆ ಬಿದ್ದೂ ಸಾಯದೆ ಎದ್ದು ಬಂದಿದ್ದ ಬಾಕಿಯವಳೊಬ್ಬಳು ಕಾಗದ ಮಡಿಚಿ ಸೊಂಟಕ್ಕೆ ಸಿಕ್ಕಿಸಿ ಹೊಸಿಲ ಮೇಲೆ ಕೂತಳು. ಒಣಗಿದ ಆ ಅಂಗಳದಲ್ಲಿ ಅವಳ ಬಾಯಿಂದ ಕೆರೆಯ ನೀರು ಪಾಚಿಯ ಸಮೇತ ಹರಿಯಿತು. ಹೀಗೆ ದಿನಕ್ಕೆ ಒಬ್ಬರು, ಇಬ್ಬರು. ಜವಾನನ ಕೋಲಿನ ಸದ್ದು ಕೇಳಿದರೆ ಜನ ಬಾಗಿಲು ಹಾಕತೊಡಗಿದರು. ಅವನು ಬಾಗಿಲ ಸಂದಿಯಿಂದ ಲಕೋಟೆ ತೂರಿಸಿ ಮುಂದಕ್ಕೆ ಹೋಗುತ್ತಿದ್ದ.

ತೊಟ್ಟಿಲ ಕೂಸಿನ ತಾಯಿ ಲಕೋಟೆ ಹಿಡಿದುಕೊಂಡು ನನ್ನ ಅಂಗಡಿಯ ಮುಂದೆ ಬಂದು ನಿಂತಳು. ಹದಿನಾಲ್ಕು ವರ್ಷದಿಂದ ಆ ಕೂಸು ಕೂಸಾಗಿಯೇ ಇತ್ತು. ತಾಯಿಗೆ ಓದು ಬಾರದು. ಯಾರಾದರೂ ಓದುವವರೆಗೆ ಉತ್ತರ ಉತ್ತರವಾಗುವುದಿಲ್ಲ ಎಂದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಮೊದಲ ದಿನ ಸುಮ್ಮನೆ ನಿಂತು ಹೋದಳು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಲಕೋಟೆಯನ್ನು ಗಲ್ಲೆಯ ಮೇಲಿಟ್ಟಳು.

"ಓದ್ರಿ. ಹದಿನಾಕು ವರ್ಷದಿಂದ ಒಂದ ಅಳು ಅಳತೈತಿ. ಅದು ಮುಗೀಲಿ."

ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಅಂದೆ. ಕನ್ನಡಕ ನನ್ನ ಮೂಗಿನ ಮೇಲೆ ಇತ್ತು. ಅವಳು ನೋಡಿದಳು, ಲಕೋಟೆ ತೆಗೆದುಕೊಂಡು ಹೋದಳು. ಬೇರೆ ಯಾರೋ ಓದಿದರು. ಅಳು ನಿಂತದ್ದು ಅಂಗಡಿಯವರೆಗೆ ಕೇಳಿಸಿತು.

ಊರಿನ ಹಿರಿಯರು ನಾಲ್ಕು ಜನ ನನ್ನಲ್ಲಿಗೆ ಬಂದರು. ಆ ಹುಡುಗಿಗೆ ಯಾರಾದರೂ ತಿಳಿಸಿ ಹೇಳಬೇಕು ಅಂದರು. ಏನನ್ನು ತಿಳಿಸಬೇಕು ಎಂದು ಕೇಳಿದೆ. ಅದನ್ನು ಮಾತ್ರ ಬಾಯಿ ಬಿಟ್ಟು ಹೇಳಲಿಲ್ಲ. ನಿನ್ನ ಮಾತು ಕೇಳುತ್ತಾಳೆ, ನಿನ್ನ ಅಂಗಡಿಯ ಗಿರಾಕಿ, ಅಂದರು. ಅವರಲ್ಲಿ ಒಬ್ಬನು ಹೋಗುವಾಗ ತಿರುಗಿ, ಯಾವ ವರ್ಷದ ಕಟ್ಟಿಗೆ ಬಂದಿದ್ದಾಳಂತೆ, ಎಂದು ಕೇಳಿದ. ಹದಿನೆಂಟು ವರ್ಷದ ಹಿಂದಿನದಕ್ಕೆ, ಅಂದೆ. ಅದು ನನಗೆ ದಿನವೂ ಗೊತ್ತಿರುತ್ತಿತ್ತು.

ಮೆಟ್ಟಿಲು ಹತ್ತಿದೆ. ಮೂವತ್ತೆರಡೂ ಮೆಟ್ಟಿಲು ಖಾಲಿ ಇದ್ದವು, ಉತ್ತರ ಬಾರದ ಹಳಬರೂ ಮನೆ ಸೇರಿ ಬಾಗಿಲು ಹಾಕಿಕೊಂಡಿದ್ದರು. ಜನ ಕೂತು ಕೂತು ಸವೆದ ಗುಳಿಗಳು ಮಾತ್ರ ಉಳಿದಿದ್ದವು, ಒಂದೊಂದರಲ್ಲಿ ಒಂದಿಷ್ಟು ಬಿಸಿಲು. ಕಿಟಕಿಯ ಆಚೆ ಅವಳು ಕೂತು ಬರೆಯುತ್ತಿದ್ದಳು. ತೋರುಬೆರಳು ಮಸಿಗೆ ನೀಲಿಯಾಗಿತ್ತು. ಕಣ್ಣು ಒಳಕ್ಕೆ ಹೋಗಿತ್ತು.

"ಬರ್ತೀರಿ ಅಂತ ಗೊತ್ತಿತ್ರಿ ಸಾವ್ಕಾರ್ರ."

"ಸಾಕು ಯವ್ವಾ, ನಿಲ್ಲಸು."

ಅವಳು ಪೆನ್ನು ಕೆಳಗಿಟ್ಟು ನಿಧಾನವಾಗಿ ಎಲ್ಲ ಹೇಳಿದಳು. ಉತ್ತರದ ಜೊತೆಗೆ ತಡೆದು ನಿಂತಿದ್ದ ಸಾವೂ ಹೋಗುತ್ತದೆ ಎಂದು ಮೊದಲ ವಾರ ಅವಳಿಗೆ ಗೊತ್ತಿರಲಿಲ್ಲ. ಹಂಚಿನವನು ಸತ್ತ ದಿನ ಗೊತ್ತಾಯಿತು. ಆವತ್ತೂ ಮರುದಿನವೂ ಒಂದಕ್ಷರ ಬರೆಯಲಿಲ್ಲ. ಕಪಾಟಿನ ಬಾಗಿಲು ಹಾಕಿ ಬೀಗ ಜಡಿದಳು. ಮೂರನೆಯ ದಿನ ಒಬ್ಬ ಮುದುಕಿ ಮೆಟ್ಟಿಲು ಹತ್ತಿ ಬಂದು, ಬಿಸಿಲಿಗೆ ಬೂದಿಯಾದ ಕೋಟಿನ ತೋಳಿನಿಂದ ಕಿಟಕಿ ತಟ್ಟಿ, ನಂದು ಯಾವಾಗವ್ವಾ, ಎಂದು ಕೇಳಿದಳು. ಆಕೆಗೆ ಏನೆಂದು ಹೇಳುವುದು? ಪರಿಶೀಲನೆಯಲ್ಲಿದೆ ಎಂದೇ? ಆ ಮಾತನ್ನು ಏಳು ವರ್ಷ ಕೇಳಿದವಳು ಇವಳು. ಬೀಗ ತೆಗೆದಳು.

"ನೀವ ಹೇಳಿಕೊಟ್ಟ ಮಾತಿದು," ಅಂದಳು.

"ಅದು ವ್ಯಾಪಾರದ ಮಾತಾಗಿತ್ತವ್ವಾ."

"ನಾ ವ್ಯಾಪಾರದಾಕಿ ಅಲ್ರಿ."

ನಾನು ಹೇಳಲು ಬಂದದ್ದು ಊರಿನ ಮಾತಲ್ಲ, ನನ್ನ ಮಾತು. ಅದು ಅವಳಿಗೂ ಗೊತ್ತಿತ್ತು. ಮೇಜಿನ ಮೇಲೆ ಬೇರೆಯಾಗಿ ಇಟ್ಟಿದ್ದ ಒಂದು ಹಳದಿ ಕಾಗದವನ್ನು ಕೈಗೆತ್ತಿಕೊಂಡಳು. ಕಾನೂನಿನಲ್ಲಿ ಅಪಾರ ಆಸಕ್ತಿಯುಳ್ಳವಳಾಗಿದ್ದು, ಎಂದು ಓದಿದಳು. ತುಟಿಯ ತುದಿಯಲ್ಲಿ ಒಂದು ಸಣ್ಣ ನಗು ಬಂದು ಹೋಯಿತು.

"ಅಕ್ಷರ ನಿಮ್ದು. ಹೆಬ್ಬಟ್ಟು ಅಕ್ಕಾರದು. ಇದರ ಉತ್ತರಾ ಜವಾನನ ಕೈಯಾಗ ಕಳಸಂಗಿಲ್ಲ. ತಂದವರು ನೀವು, ಒಯ್ಯವರೂ ನೀವು. ಯಾವಾಗ ಓದಿ ಹೇಳ್ತೀರಿ, ಅದು ನಿಮಗ ಬಿಟ್ಟದ್ದು."

ಲಕೋಟೆ ಕಿಟಕಿಯಿಂದ ಹೊರಗೆ ಬಂತು. ಎರಡೂ ಕೈಯಲ್ಲಿ ತೆಗೆದುಕೊಂಡೆ. ಅಲ್ಲಿ ಹಾಗೇ ತೆಗೆದುಕೊಳ್ಳಬೇಕು ಅನಿಸುತ್ತದೆ. ಅವಳ ಹಿಂದೆ, ಒಳಗಿನ ಕೋಣೆಯಲ್ಲಿ, ಮೂವರು ಹಿರಿಯರು ಗೋಡೆಗೊರಗಿ ಕೂತಿದ್ದರು. ಅವರನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಒಬ್ಬನು ಬಾಯಿಯವರೆಗೆ ಲೋಟ ಎತ್ತಿ ಕುಡಿಯದೆ ಕೆಳಗಿಡುತ್ತಿದ್ದ, ಮತ್ತೆ ಎತ್ತುತ್ತಿದ್ದ. ಕಸುಬಿನವನ ಕಣ್ಣು ಮೊದಲು ಹೊಲಿಗೆಗೆ ಹೋಗುತ್ತದೆ. ಮೂವರ ಕೋಟಿನ ಅಂಚಿನಲ್ಲೂ ಬಿಳಿ ದಾರವಿತ್ತು, ನಮ್ಮ ಅಜ್ಜನ ಕಾಲದ ದಪ್ಪ ದಾರ.

ಅವಳು ತಿರುಗಿ ನೋಡದೆಯೇ ಹೇಳಿದಳು. "ಕಪಾಟಿನ ತಳದಾಗ ಇನ್ನ ಮೂರು ಅರ್ಜಿ ಅದಾವ್ರಿ. ಅವು ಎಲ್ಲಾಕ್ಕಿಂತ ಹಳೇವು."

ನಾನು ಹಿಂದುಹಿಂದಕ್ಕೆ ಏಳು ಮೆಟ್ಟಿಲು ಇಳಿದೆ.

ಲಕೋಟೆಯನ್ನು ಕರಿಬಟ್ಟೆಯ ಥಾನುಗಳ ನಡುವೆ ಇಟ್ಟೆ. ಎಂಟು ದಿನ ಅಲ್ಲೇ ಇತ್ತು. ದಿನವೂ ಮಧ್ಯಾಹ್ನ ಊಟಕ್ಕೆ ಹೋದೆ, ಅರ್ಧ ಬೆಂದ ಅನ್ನ ತಿಂದೆ, ಹದವಾಗೈತಿ ಅಂದೆ. ಅರ್ಜಿ ಏನಾಯಿತು ಎಂದು ಅವಳು ಕೇಳಿದಳು. ಪರಿಶೀಲನೆಯಲ್ಲಿದೆಯಂತೆ, ಅಂದೆ. ಆ ಎಂಟು ದಿನ ಅದು ಸುಳ್ಳಾಗಿರಲಿಲ್ಲ. ಅಂಗಡಿಯಲ್ಲಿ ಕೂತು ನಾನು ಪರಿಶೀಲಿಸುತ್ತಲೇ ಇದ್ದೆ. ಲಾಭ ಎಲ್ಲಿದೆ ಎಂದು ಎಲ್ಲ ಕಡೆಯಿಂದ ತಿರುಗಿಸಿ ನೋಡಿದೆ. ಸುಟ್ಟು ಹಾಕಬಹುದಿತ್ತು, ಸುಟ್ಟರೆ ಯಾರೂ ಓದುವ ಹಾಗಿಲ್ಲ, ಅವಳು ಎಂದೆಂದಿಗೂ ಇರುತ್ತಾಳೆ, ನಾನು ಹೋದ ಮೇಲೂ ಇರುತ್ತಾಳೆ, ಮೂರಂಚಿನ ಕೌದಿ ಹಿಡಿದುಕೊಂಡು, ಗಂಟಲಲ್ಲಿ ನಿಂತ ಕೆಮ್ಮಿನೊಂದಿಗೆ, ಎದುರಿಗೆ ಕೂತು ಉಣ್ಣುವವರು ಯಾರೂ ಇಲ್ಲದೆ. ಆ ಲೆಕ್ಕ ಅಲ್ಲಿಗೇ ನಿಂತಿತು.

ಒಂಬತ್ತನೆಯ ದಿನ ನಾನು ಊಟಕ್ಕೆ ಕೂತಾಗ ಅವಳು ಬಡಿಸಲಿಲ್ಲ. ಎದುರಿಗೆ ಬಂದು ಕೂತಳು.

"ಉತ್ತರ ಬಂದೈತಿ, ಹೌದಲ್ರಿ?"

"ಯಾರು ಅಂದ್ರು?"

"ಯಾರೂ ಅನ್ನಲಿಲ್ಲ. ಎಂಟು ದಿನ ಆತು ನೀವು ಅಂಗಿ ಗುಂಡಿ ಮ್ಯಾಲಕೆಳಗ ಹಾಕ್ಕೊಂಡು ಹೊಂಟೀರಿ. ಅಳತಿ ತಪ್ಪವರಲ್ಲ ನೀವು."

ನಾನು ಕೆಳಗೆ ನೋಡಿಕೊಂಡೆ. ಹೌದು.

"ನನಗ ಕಾನೂನು ಬರಂಗಿಲ್ಲ ಅಂತ ಅವರಿಗೆ ತಿಳೀತೇನು?" ಅಂದಳು. ನಕ್ಕಳು, ನಗು ಅರ್ಧಕ್ಕೆ ನಿಂತಿತು. ಏನೂ ಬಾರದವಳನ್ನು ಅಷ್ಟೆತ್ತರ ಹೊತ್ತುಕೊಂಡು ಹೋದಿರಿ, ನನಗೆ ಮೆಟ್ಟಿಲು ಎಣಿಸುವುದಕ್ಕಾದರೂ ಬರುತ್ತಿತ್ತು, ಒಂದೊಂದಕ್ಕೂ ನಿಮ್ಮ ಉಸಿರು ಏರುತ್ತಿತ್ತು, ಎಂದು ಹೇಳಿದಳು. ಇದು ಯಾವ ಔಷಧವೆಂದು ತನಗೆ ಆ ಏಳು ಮೆಟ್ಟಿಲು ಇಳಿಯುವಾಗಲೇ ಗೊತ್ತಾಗಿತ್ತಂತೆ. ಹಾಗಾದರೆ ದಿನವೂ ಯಾಕೆ ಕೇಳುತ್ತಿದ್ದೆ ಎಂದೆ. ನಿಮಗೆ ಸಾಕಾಯಿತೋ ಇಲ್ಲವೋ ನೋಡುತ್ತಿದ್ದೆ, ಅಂದಳು.

ಅಂಗಡಿಗೆ ಹೋಗಿ ಲಕೋಟೆ ತಂದೆ. ಅವಳು ಒಲೆ ಹೊತ್ತಿಸಿ ಎಸರಿಟ್ಟು ಅಕ್ಕಿ ಹಾಕಿದ್ದಳು. ಅನ್ನ ಕುದಿಯಲಿಕ್ಕೆ ಹತ್ತಲಿ, ಆಮೇಲೆ ಓದಿರಿ, ಅಂದಳು. ಇಬ್ಬರೂ ಒಲೆಯ ಮುಂದೆ ಕೂತೆವು. ನೀರು ಸುಯ್ಯಿಗುಟ್ಟಿತು, ಅಂಚಿನಲ್ಲಿ ಸಣ್ಣ ಗುಳ್ಳೆ ಬಂತು, ಎಂದಿನ ಹಾಗೆ ಅಲ್ಲಿಗೆ ನಿಂತಿತು. ಅವಳು ನನ್ನ ಕಡೆ ನೋಡಿ ತಲೆಯಾಡಿಸಿದಳು. ನಾನು ಕನ್ನಡಕ ಒರೆಸಿಕೊಂಡೆ.

"ತಮ್ಮ ಅರ್ಜಿಯನ್ನು ಪೂರ್ತಿ ಓದಲಾಯಿತು," ಎಂದು ಓದಿದೆ. "ಸ್ಥಳವಿಲ್ಲ."

ಮೂರನೆಯ ಸಾಲಿಗೆ ಮುಂಚೆ ಕನ್ನಡಕ ತೆಗೆದು ಇನ್ನೊಮ್ಮೆ ಒರೆಸಿದೆ. ಅವಳು ಕಾದಳು. ಹತ್ತೊಂಬತ್ತು ವರ್ಷ ಕಾದವಳಿಗೆ ಅಷ್ಟು ಏನೂ ಅಲ್ಲ.

"ತಾವು ಇನ್ನು ಕಾಯಬೇಕಾಗಿಲ್ಲ."

ಮುಚ್ಚಳ ಒಮ್ಮೆ ಅಲುಗಿತು. ಆಮೇಲೆ ಟಕಟಕ ಟಕಟಕ ಎಂದು ಕುಣಿಯತೊಡಗಿತು. ಗಂಜಿ ಉಕ್ಕಿ ಒಲೆಗೆ ಸುರಿದು ಚುರ್ರೆಂದಿತು. ಆ ಸದ್ದು ನಮ್ಮ ಮನೆಯಲ್ಲಿ ಮರೆತೇಹೋಗಿತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತುಬಿಟ್ಟೆವು, ಇಳಿಸಬೇಕೆಂದು ತೋಚಲಿಲ್ಲ.

ಊಟವಾಯಿತು. ಅವಳೂ ಉಂಡಳು. ಕೈ ತೊಳೆದು, ಕೌದಿ ಎಳೆದುಕೊಂಡು ನಾಲ್ಕನೆಯ ಅಂಚು ಹೊಲಿದಳು. ಸೂಜಿ ಎಲ್ಲೂ ನಿಲ್ಲಲಿಲ್ಲ. ತುದಿಗೆ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. ಕೌದಿ ಹಾಸಿ ಅದರ ಮೇಲೆ ಮಲಗಿದಳು. ಹೊರಗೆ ಇನ್ನೂ ಒಳ್ಳೆಯ ಬಿಸಿಲಿತ್ತು. ಗಂಟಲಲ್ಲಿ ನಿಂತಿದ್ದ ಆ ಕೆಮ್ಮು ಒಂದೇ ಸಲ ಪೂರ್ತಿ ಬಂತು. ಮತ್ತೆ ಬರಲಿಲ್ಲ.

ಇಲ್ಲ ಎಂದು ಬಂದವರ ಕೋಟನ್ನು ಬಿಚ್ಚಿ ಬಟ್ಟೆಯನ್ನು ಥಾನಿಗೆ ಸೇರಿಸುವುದು ನಮ್ಮ ಕಸುಬಿನ ಪದ್ಧತಿ. ಮೊಳೆಯಿಂದ ಕೋಟನ್ನು ಇಳಿಸಿ ಅಂಗಡಿಗೆ ಒಯ್ದೆ. ಬಲತೋಳು, ಎಡತೋಳು, ಬೆನ್ನು, ಕಾಲರು. ಬಿಳಿ ದಾರ ತೆಗೆದೆ. ಬಟ್ಟೆ ಇನ್ನೂ ಗಟ್ಟಿಯಿತ್ತು, ಇನ್ನೊಬ್ಬರಿಗೆ ಆಗುತ್ತಿತ್ತು. ಮಷಿನ್ನಿಗೆ ಕರಿ ದಾರ ಪೋಣಿಸಿ, ಎರಡೆರಡು ಸಲ ಓಡಿಸಿ ಹೊಲಿದೆ. ಎಳೆದು ನೋಡಿದೆ, ಬಿಚ್ಚಲಿಲ್ಲ. ಅದನ್ನೇ ತೊಡಿಸಿ ಕಳಿಸಿದೆವು.

ಕೆಲವು ದಿನಗಳಲ್ಲಿ ವಕೀಲರ ಮನೆಯಿಂದ ಮೂರು ಹಳೆಯ ಕೋಟುಗಳು ಬಿಚ್ಚಲು ಬಂದವು. ಬಿಚ್ಚಿದೆ. ಮುಟ್ಟಿದರೆ ಪುಡಿಯಾಗುವಂಥ ಬಟ್ಟೆ, ಥಾನಿಗೆ ಸೇರಿಸಲು ಏನೂ ಉಳಿಯಲಿಲ್ಲ. ಈಗ ಅಲ್ಲಿ ಬಾವಿ ತೋಡುವವನ ಮಗಳೊಬ್ಬಳೇ. ಕಿಟಕಿ ತೆರೆದ ಏಳು ದಿನದೊಳಗೆ ಪ್ರತಿಯೊಬ್ಬರಿಗೂ ಹೂಂ ಅಥವಾ ಇಲ್ಲ ಬರುತ್ತದೆ. ಮೆಟ್ಟಿಲ ಮೇಲೆ ಯಾರೂ ಕೂರುವುದಿಲ್ಲ. ಊರಿನಲ್ಲಿ ಜನ ಎಲ್ಲ ಊರಿನವರ ಹಾಗೆ ಸಾಯುತ್ತಾರೆ. ವ್ಯಾಪಾರ ಇಳಿದಿದೆ, ಕೊಟ್ಟ ಬಟ್ಟೆ ವಾರದೊಳಗೆ ವಾಪಸು ಬರುತ್ತದೆ. ಹೊಸ ಉಮೇದುವಾರರು ಕೋಟು ಹಾಕಿಸಿಕೊಳ್ಳುತ್ತ, ಒಳಗೆ ಏನು ಹೇಳಬೇಕು ಸಾವ್ಕಾರ್ರೇ, ಎಂದು ಕೇಳುತ್ತಾರೆ. ಬಟ್ಟೆಯ ಬಗ್ಗೆ ಕೇಳಿ, ಹೇಳುತ್ತೇನೆ, ಅನ್ನುತ್ತೇನೆ.

ಆ ದಿನದ ಅನ್ನದ ವಿಷಯ ಉಳಿಯಿತು. ಇಳಿಸುವುದು ತಡವಾಗಿ ಅದು ಮೆತ್ತಗೆ ಮುದ್ದೆಯಾಗಿತ್ತು, ತಳ ಹಿಡಿದಿತ್ತು. ಎದುರಿಗೆ ಕೂತು ನನ್ನ ಹೆಂಡತಿ ಕೇಳಿದಳು, ಹದ ಹೆಂಗೈತ್ರಿ ಎಂದು.

ಹದವಾಗೈತಿ, ಅಂದೆ.